ಉಬ್ಬಿದ ಕಣ್ಣಿನ ಹಿಂದೆ ಉರಿಯೂತ ಇನ್ನೂ ಇದೆಯೇ?

ಮಾತ್ರೆ ನುಂಗಿ ಥೈರಾಯ್ಡ್ ರಕ್ತಪರೀಕ್ಷೆ ಸರಿಹೋದ ಮೇಲೂ ಕಣ್ಣು ಹಾಗೆಯೇ ಉಬ್ಬಿಕೊಂಡಿರುವುದೇಕೆ ಎಂದು ಸಕಲೇಶಪುರ, ಆಲೂರು, ಅರಸೀಕೆರೆ ಕಡೆಗಳಿಂದ ಹಾಸನದ ನನ್ನ ಚಿಕಿತ್ಸಾಲಯಕ್ಕೆ ಬರುವ ಗ್ರೇವ್ಸ್ ಕಾಯಿಲೆಯವರು (ದೇಹದ ಪ್ರತಿಕಾಯಗಳೇ ಥೈರಾಯ್ಡ್ ಗ್ರಂಥಿಯನ್ನು ಕೆರಳಿಸಿ ಹಾರ್ಮೋನು ಹೆಚ್ಚಿಸುವ ಕಾಯಿಲೆಯಿದು) ಮತ್ತೆ ಮತ್ತೆ ಕೇಳುತ್ತಾರೆ. ಗ್ರಂಥಿಯನ್ನು ಕೆರಳಿಸುವ ಪ್ರತಿಕಾಯಗಳು ಕಣ್ಣುಗುಡ್ಡೆಯ ಹಿಂದಿನ ಕೊಬ್ಬನ್ನೂ ಗುಡ್ಡೆಯನ್ನು ತಿರುಗಿಸುವ ಸ್ನಾಯುಗಳನ್ನೂ ಕಾಡುವುದರಿಂದ, ಹಾರ್ಮೋನು ಹದಕ್ಕೆ ಬಂದ ಮಾತ್ರಕ್ಕೆ ಕಣ್ಣಿನ ಕಾಯಿಲೆ ನಿಲ್ಲಬೇಕೆಂದೇನೂ ಇಲ್ಲ. ಸಾಮಾನ್ಯವಾಗಿ 6ರಿಂದ 24 ತಿಂಗಳು ಉರಿಯೂತ ಸಕ್ರಿಯವಾಗಿದ್ದು, ಅದು ತಣ್ಣಗಾದ ಬಳಿಕ ಸ್ನಾಯುಗಳು ನಾರುಗಟ್ಟಿ ಬಿಗಿಯುತ್ತವೆ.

ಈ ಎರಡು ಹಂತಗಳ ಚಿಕಿತ್ಸೆ ಒಂದೇ ಅಲ್ಲ. ಉರಿಯೂತ ಸಕ್ರಿಯವಾಗಿದ್ದು ತೊಂದರೆ ಮಧ್ಯಮ ಅಥವಾ ತೀವ್ರ ಪ್ರಮಾಣದ್ದಾಗಿದ್ದರೆ ವಾರಕ್ಕೊಮ್ಮೆಯಂತೆ 12 ವಾರ, ಒಟ್ಟು 4.5 ಗ್ರಾಂ ಮೀಥೈಲ್‌ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಔಷಧವನ್ನು ರಕ್ತನಾಳಕ್ಕೆ ಕೊಡುವುದು ರೂಢಿ. ಅದೇ ಔಷಧವನ್ನು ನಾರುಗಟ್ಟಿದ ಸ್ನಾಯುವಿಗೆ ಕೊಟ್ಟರೆ ಸಕ್ಕರೆ ಏರುತ್ತದೆಯೇ ಹೊರತು ಕಣ್ಣಿಗೆ ಲಾಭವಿಲ್ಲ. ಅಲ್ಲಿ ಬೇಕಾಗುವುದು ಶಸ್ತ್ರಚಿಕಿತ್ಸೆ. ಇನ್ನು ಉರಿಯೂತ ಆರುವ ಮೊದಲೇ ಮೆಳ್ಳೆಗಣ್ಣಿನ ಶಸ್ತ್ರಚಿಕಿತ್ಸೆ ಮಾಡಿದರೆ, ಸ್ನಾಯುಗಳು ಮತ್ತೆ ಬದಲಾಗಿ ಮಾಡಿದ ಕೆಲಸ ಕೆಡುವ ಸಂಭವವಿದೆ.

ಹಂತವನ್ನು ತಿಳಿಯಲು ಹೆಚ್ಚಿನವರಿಗೆ ಸ್ಕ್ಯಾನ್ ಬೇಕಾಗುವುದಿಲ್ಲ. ನೋವು, ಕೆಂಪು, ರೆಪ್ಪೆಯ ಬಾವು ಮುಂತಾದ ಏಳು ಲಕ್ಷಣಗಳಲ್ಲಿ ಮೂರಾದರೂ ಇದ್ದರೆ ಕಾಯಿಲೆ ಸಕ್ರಿಯವೆಂದು ಹಿಡಿಯುತ್ತೇವೆ. ತೊಡಕಿರುವುದು ಹೊರಗೆ ಕೆಂಪೂ ಬಾವೂ ಇಲ್ಲದೆ, ಒಂದು ವಸ್ತು ಎರಡಾಗಿ ಕಾಣುತ್ತದೆಂದು ಮಾತ್ರ ಹೇಳುವವರಲ್ಲಿ. ಅಂಥವರ ಕಣ್ಣಿನ ಹಿಂದೆ ಬೂದಿ ಮುಚ್ಚಿದ ಕೆಂಡವಿರಬಹುದು, ಬರಿಯ ಬೂದಿಯೂ ಇರಬಹುದು. ಸಿ.ಟಿ. ಸ್ಕ್ಯಾನ್ ಸ್ನಾಯು ದಪ್ಪಗಾಗಿರುವುದನ್ನು ತೋರಿಸುತ್ತದೆ, ಆದರೆ ಆ ದಪ್ಪ ಉರಿಯೂತದ್ದೋ ನಾರಿನದ್ದೋ ಎಂಬುದನ್ನು ಖಚಿತವಾಗಿ ಹೇಳಲಾರದು. ಸ್ನಾಯುವಿನಲ್ಲಿ ತುಂಬಿದ ನೀರಿನಂಶವನ್ನು ಎಂ.ಆರ್.ಐ. ತೋರಿಸುತ್ತದೆ, ವಿಕಿರಣದ ಗೊಡವೆಯೂ ಇಲ್ಲ. ಆದ್ದರಿಂದ ನಾನು ಮೊದಲು ಅದನ್ನೇ ಮಾಡಿಸುತ್ತೇನೆ.

ಅದರಿಂದಲೂ ಸಂಶಯ ತೀರದಿದ್ದಾಗ ವಿಕಿರಣಶೀಲ ಔಷಧ ಕೊಟ್ಟು ಚಿತ್ರ ತೆಗೆಯುವ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದ ನೆರವು ಬೇಕಾಗುತ್ತದೆ. ಮೂತ್ರಪಿಂಡದ ಪರೀಕ್ಷೆಗೆ ದಿನನಿತ್ಯ ಬಳಸುವ, ವಿಕಿರಣಶೀಲ ಟೆಕ್ನೀಶಿಯಂ-99ಎಂ ಜೋಡಿಸಿದ ಡಿ.ಟಿ.ಪಿ.ಎ. ಎಂಬ ಔಷಧವನ್ನೇ ಇಲ್ಲಿಯೂ ಬಳಸಬಹುದು. ಉರಿಯೂತವಿರುವಲ್ಲಿ ಸೂಕ್ಷ್ಮ ರಕ್ತನಾಳಗಳು ಸೋರುವುದರಿಂದ ಔಷಧವು ಅಲ್ಲಿನ ಅಂಗಾಂಶಕ್ಕೆ ಇಳಿದು ನಿಲ್ಲುತ್ತದೆ, ಮತ್ತು ಅದು ಸೂಸುವ ಗಾಮಾ ಕಿರಣಗಳಿಂದ ಸ್ಪೆಕ್ಟ್-ಸಿ.ಟಿ. ಯಂತ್ರವು ಯಾವ ಸ್ನಾಯು ಕೆರಳಿದೆ ಎಂಬುದನ್ನು ಗುರುತಿಸುತ್ತದೆ. ಗ್ಯಾಲಿಯಂ-68 ಡೋಟಾಟೇಟ್ ಎಂಬ ಇನ್ನೊಂದು ವಿಕಿರಣಶೀಲ ಔಷಧ ಬಳಸುವ ಪೆಟ್ ಸ್ಕ್ಯಾನಿನ ದಾರಿ ಬೇರೆ: ಚುರುಕಾದ ಉರಿಯೂತ ಕೋಶಗಳ ಮೇಲಿರುವ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನಿನ ಗ್ರಾಹಕಗಳಿಗೆ ಅದು ಅಂಟಿಕೊಳ್ಳುತ್ತದೆ. ಈ ಔಷಧವನ್ನು ಹಾಸನಕ್ಕೇ ತರಿಸಬಾರದೇ ಎಂದು ಕೇಳುವವರಿದ್ದಾರೆ. ಗ್ಯಾಲಿಯಂ-68ರ ಅರ್ಧಾಯು, ಎಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ, 68 ನಿಮಿಷ. ಬೆಂಗಳೂರಿನಿಂದ ಮೂರೂವರೆ ಗಂಟೆ ಪ್ರಯಾಣ ಮಾಡಿ ಬರುವಷ್ಟರಲ್ಲಿ ಎಂಟನೆಯ ಒಂದು ಪಾಲೂ ಉಳಿಯುವುದಿಲ್ಲವಾದ್ದರಿಂದ, ರೋಗಿಯೇ ಔಷಧವಿರುವಲ್ಲಿಗೆ ಹೋಗಬೇಕು.

ಚಿತ್ರದಲ್ಲಿ ಹೊಳೆದದ್ದೆಲ್ಲ ಕಾಯಿಲೆಯಲ್ಲ. ಡೋಟಾಟೇಟ್ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಲ್ಲಿ ಸಹಜವಾಗಿಯೇ ಸೇರಿಕೊಳ್ಳುತ್ತದೆ. ಸೈನಸ್ ಸೋಂಕಿದ್ದರೆ ಪಕ್ಕದ ಮೂಗಿನ ಕುಹರವೂ ಹೊಳೆದು ಕಣ್ಣಿನ ಲೆಕ್ಕವನ್ನು ತಪ್ಪಿಸಬಹುದು. ಎಷ್ಟು ಹೊಳೆದರೆ ಕಾಯಿಲೆ ಎಂಬ ಅಳತೆಯ ಮಿತಿಗಳು ಕೇಂದ್ರದಿಂದ ಕೇಂದ್ರಕ್ಕೆ ಬೇರೆಯಾಗಿರುವುದರಿಂದ ಮರುಪರೀಕ್ಷೆಯನ್ನು ಮೊದಲಿನ ಜಾಗದಲ್ಲಿಯೇ ಮಾಡಿಸುವುದು ಲೇಸು.

ಥೈರಾಯ್ಡ್ ಗ್ರಂಥಿಯನ್ನು ಸುಡುವ ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯಿಂದ ಕೆಲವರಿಗೆ, ಅದರಲ್ಲೂ ಬೀಡಿ ಸಿಗರೇಟು ಸೇದುವವರಿಗೆ, ಕಣ್ಣು ಹದಗೆಡಬಹುದೆಂಬುದು ನಿಜ. ಆದರೆ ಆ ಭಯದಿಂದ ಈ ನ್ಯೂಕ್ಲಿಯರ್ ಸ್ಕ್ಯಾನನ್ನು ನಿರಾಕರಿಸುವುದು ಬೇಡ. ಇದರಲ್ಲಿ ಅಯೋಡಿನ್ ಇಲ್ಲ, ಗ್ರಂಥಿಯನ್ನು ಸುಡುವ ಉದ್ದೇಶವೂ ಇಲ್ಲ. ಗರ್ಭಿಣಿಯಾಗಿದ್ದರೆ ಅಥವಾ ಮಗುವಿಗೆ ಹಾಲುಣಿಸುತ್ತಿದ್ದರೆ ಮೊದಲೇ ತಿಳಿಸಬೇಕು. ಸ್ಟೀರಾಯ್ಡ್ ಶುರುವಾದ ಮೇಲೆ ಉರಿಯೂತ ಅಡಗಿ ಚಿತ್ರ ಮಂಕಾಗಬಹುದಾದ್ದರಿಂದ ಸ್ಕ್ಯಾನ್ ಅದಕ್ಕೂ ಮುಂಚೆ ಆಗಬೇಕು. ಬಣ್ಣಗಳು ಮಾಸಿದಂತೆ ಕಂಡರೆ ಅಥವಾ ದೃಷ್ಟಿ ಕುಗ್ಗಿದರೆ ಮಾತ್ರ ಯಾವ ಸ್ಕ್ಯಾನಿಗೂ ಕಾಯದೆ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಬೇಕು, ಏಕೆಂದರೆ ಊದಿದ ಸ್ನಾಯುಗಳು ಕಣ್ಣಿನ ನರವನ್ನು ಅದುಮುತ್ತಿರಬಹುದು.