ಮುಖದ ಕ್ರೀಮಿನ ಪಾದರಸ ಕಿಡ್ನಿಗೆ ಹೆಂಗ ಮುಟ್ತದ

ಕಲಬುರಗಿಯೊಳಗ ನನ್ನ ಓಪಿಡಿಗೆ ಕಾಲು ಬಾತದ, ಮುಂಜಾನೆ ಎದ್ರ ಮುಖ ಉಬ್ಬಿರ್ತದ, ಮೂತ್ರದಾಗ ನೊರಿ ಬರ್ತದ ಅಂತ ಸಣ್ಣ ವಯಸ್ಸಿನವ್ರು ಯಾರರೆ ಬಂದ್ರ, ಶುಗರ್ ಇಲ್ಲ ಬಿಪಿ ಇಲ್ಲ ಅಂದ್ರ, ನಾ ಮೊದಲು ಕೇಳೋದು ಮುಖಕ್ಕ ಏನ್ ಹಚ್ಕೋತೀರಿ ಅಂತ. ಕಿಡ್ನಿ ಡಾಕ್ಟರ್‌ಗೆ ಕ್ರೀಮ್ ಯಾಕ ಬೇಕು ಅಂತ ಮಂದಿ ಮುಖ ಮುಖ ನೋಡ್ಕೋತಾರ, ಮುಖ ಬೆಳ್ಳಗಾಗ್ಲಿ ಅಂತ ಹಚ್ಚೋ ಕೆಲವು ಕ್ರೀಮಿನೊಳಗ ಪಾದರಸ ಇರ್ತದ, ಅದಕ್ಕ ಇದನ್ನ ಬಿಡಿಸಿ ಬರಿಯಾಕತ್ತೀನಿ.

ಪಾದರಸ ವಿಷ, ಸೆಲ್ ಸಾಯಿಸ್ತದ, ಇಷ್ಟು ಎಲ್ಲರಿಗೂ ಗೊತ್ತು. ಡೋಸ್ ಜಾಸ್ತಿ ಆದ್ರ ಖರೇನೂ ಹೌದು. ಆದ್ರ ಸಣ್ಣ ಪ್ರಮಾಣದಾಗ ಅದರ ಕೆಲಸ ಉಲ್ಟಾ, ಸಾಯಬೇಕಾದ ಸೆಲ್ ಸಾಯದಂಗ ಮಾಡ್ತದ. ಯಾಕಂದ್ರ ಪಾದರಸ ಗಂಧಕ ಕಂಡಲ್ಲಿ ಹೋಗಿ ಗಟ್ಟಿ ಹಿಡ್ಕೋತದ, ನಮ್ಮ ಪ್ರೋಟೀನ್‌ಗಳೊಳಗ ಸಿಸ್ಟೀನ್ ಅಂತ ಅಮೈನೋ ಆಸಿಡ್ ಇರ್ತದಲ್ರಿ, ಅದರೊಳಗ ಗಂಧಕ ಅದ, ಸೆಲ್‌ನೊಳಗ ಸಿಗ್ನಲ್ ದಾಟಿಸೋ ಪ್ರೋಟೀನ್‌ಗಳೊಳಗೂ ಈ ಸಿಸ್ಟೀನ್ ಇರ್ತಾವ.

ಈಗ ರಕ್ತದ ಬಿಳಿ ಸೆಲ್‌ಗಳೊಳಗ ಬಿ ಸೆಲ್ ತಗೋರಿ, ರೋಗಾಣು ಹಿಡಿಯೋ ಆಂಟಿಬಾಡಿ ಮಾಡೋದು ಇವೇ. ಅದರ ಮೈಮ್ಯಾಲಿನ ರಿಸೆಪ್ಟರ್‌ಗೆ, ಅಂದ್ರ ಸುದ್ದಿ ಹಿಡಿಯೋ ಕೊಂಡಿಗೆ, ಏನರೆ ಬಂದು ಅಂಟಿದ್ರ ಒಳಗ ಲಿನ್, ಸಿಕ್ ಅನ್ನೋ ಎಂಜೈಮ್‌ಗಳು ಫಾಸ್ಫೇಟ್ ಹಚ್ಚಿ ಸುದ್ದಿ ಮುಂದ ಕಳಸ್ತಾವ. ಎಲುಬಿನ ಮಜ್ಜೆಯೊಳಗ ಹೊಸಾ ಬಿ ಸೆಲ್ ಒಂದು ನಮ್ಮದೇ ಪ್ರೋಟೀನ್‌ನ ಬಿಗಿಯಾಗಿ ಹಿಡಿದ್ರ ಆ ಸಿಗ್ನಲ್ ಜೋರಾಗ್ತದ, ಬಹಳಷ್ಟು ಸಲ ಆ ಸೆಲ್ ಅಲ್ಲೇ ಸಾಯ್ತದ. ಪಾದರಸ ಇದ್ದಲ್ಲಿ ಈ ಸಿಗ್ನಲ್ ಕುಂದ್ತದ ಅಂತ ಲ್ಯಾಬಿನೊಳಗ ತೋರಿಸ್ಯಾರ. ರೋಗದ ಕೂಡ ಹೋರಾಡೋ ಇನ್ನೊಂದು ಬಿಳಿ ಸೆಲ್ ಅಂದ್ರ ಟಿ ಸೆಲ್, ಅದರಾಗೂ ಇಂಥದೇ, ಕೆಲಸ ಮುಗಿದ ಟಿ ಸೆಲ್‌ಗೆ ಫಾಸ್ ಅನ್ನೋ ರಿಸೆಪ್ಟರ್ ಮೂಲಕ ಸಾಯೋ ಆರ್ಡರ್ ಬರ್ತದ, ಪಾದರಸ ಅದನ್ನೂ ತಡೀತದ. ಬಾಗಲದಾಗ ಪೊಲೀಸ್ ಅದಾನ, ಆದ್ರ ಅವನಿಗೆ ಕಿವಿ ಕೇಳಸ್ವಲ್ದು, ಹಂಗ ಆತು. ಹಿಂಗ ಉಳಕೊಂಡ ಸೆಲ್‌ಗಳಿಂದ ನಮ್ಮ ಮೈ ಮ್ಯಾಲೇ ತಿರುಗಿ ಬೀಳೋ ಆಂಟಿಬಾಡಿ ಹುಟ್ಟಬಹುದು.

ಎಲ್ಲರಿಗೂ ಹಿಂಗಾಗಂಗಿಲ್ಲ. ಬ್ರೌನ್ ನಾರ್ವೆ ಅನ್ನೋ ತಳಿ ಇಲಿಗೆ ಮರ್ಕ್ಯುರಿಕ್ ಕ್ಲೋರೈಡ್ ಅನ್ನೋ ಪಾದರಸದ ಲವಣ ಕೊಟ್ರ ಅದರ ಕಿಡ್ನಿ ಮ್ಯಾಲೆ ಅದರದೇ ಆಂಟಿಬಾಡಿ ಬೀಳ್ತಾವ, ಲೂಯಿಸ್ ತಳಿ ಇಲಿಗೆ ಅದೇ ಕೊಟ್ರೂ ಆ ರೋಗ ಬರಂಗಿಲ್ಲ. "ನಮ್ಮಕ್ಕನೂ ಇದೇ ಹಚ್ಕೋತಾಳ್ರಿ ಸರ್, ಆಕಿಗೆ ಏನೂ ಆಗಿಲ್ಲ" ಅಂತ ಒಬ್ಬ ಹುಡುಗಿ ನನ್ನ ಕೂಡ ಭಾಳೊತ್ತು ವಾದ ಮಾಡಿದಳು, ಅದಕ್ಕ ಉತ್ತರ ಈ ಇಲಿ ತಳಿಗಳಂಗ ಒಬ್ಬೊಬ್ಬರ ಜೀನ್‌ನೊಳಗೇ ಇರಬೇಕು ಅಂತ ನನ್ನ ಅನಿಸಿಕಿ. ಆಕಿ ತಂದ ಡಬ್ಬಿ ಮ್ಯಾಲೆ ಬ್ಯಾಚ್ ನಂಬರ್ ಇಲ್ಲ, ತಯಾರಿಸಿದವ್ರ ವಿಳಾಸ ಇಲ್ಲ, ಒಳಗ ಏನದ ಅಂತನೂ ಬರ್ದಿದ್ದಿಲ್ಲ, ಬರೇ ಬೆಳ್ಳನ ಮುಖದ ಫೋಟೋ.

ಬಯಾಪ್ಸಿಯೊಳಗ, ಅಂದ್ರ ಕಿಡ್ನಿಯ ಸಣ್ಣ ಚೂರು ತಗದು ನೋಡೋ ಪರೀಕ್ಷೆಯೊಳಗ, ನಾವು ನೋಡೋದು ಮೆಂಬ್ರೇನಸ್ ನೆಫ್ರೋಪತಿ, ಅಂದ್ರ ಕಿಡ್ನಿ ಜರಡಿಗೆ ಆಂಟಿಬಾಡಿ ಹತ್ತಿ ಪ್ರೋಟೀನ್ ಸೋರೋದು. 1972ರಾಗೇ ನೈರೋಬಿಯ ಡಾಕ್ಟರ್‌ಗಳು ಬೆಳ್ಳಗಾಗೋ ಕ್ರೀಮಿಗೂ ಇಂಥಾ ಕಿಡ್ನಿ ರೋಗಕ್ಕೂ ನಂಟು ಅದ ಅಂತ ಬರ್ದಿದ್ರು. ಈಗ ಈ ರೋಗದ ಬಯಾಪ್ಸಿಯೊಳಗ ನೆಲ್-1 ಅನ್ನೋ ಪ್ರೋಟೀನ್ ಗುರುತಾಗಿ ಸಿಕ್ಕದ, ಕೇರಳದಾಗ ಕ್ರೀಮ್ ಹಚ್ಚಿದವ್ರಲ್ಲಿ ಇದು ಕಂಡದ, ಪಾದರಸದ ನಾಟಿ ಔಷಧ ತಗೊಂಡವ್ರಲ್ಲೂ ಕಂಡದ. ಹಂಗಾಗಿ ರಸ, ಸಿಂಧೂರ, ಭಸ್ಮ ಅಂತ ಏನರೆ ನುಂಗ್ತಿದ್ರ ಅದನ್ನೂ ಹೇಳ್ರಿ, ಮುಚ್ಚಿಡಬ್ಯಾಡ್ರಿ. ನಾ ಬೈಯಂಗಿಲ್ಲ.

ನಮ್ಮ 2020ರ ಕಾಸ್ಮೆಟಿಕ್ಸ್ ನಿಯಮದಾಗ ಕ್ರೀಮಿನೊಳಗ ತಾನಾಗೇ ಸೇರಿದ ಪಾದರಸ 1 ಪಿಪಿಎಂ, ಅಂದ್ರ ಹತ್ತು ಲಕ್ಷ ಪಾಲಿನಾಗ ಒಂದು ಪಾಲು, ದಾಟಂಗಿಲ್ಲ. ಅಂಗಡಿ ಮ್ಯಾಲಿನ ಡಬ್ಬಿಗೆ ಅದು ಗೊತ್ತಿರಬೇಕಲ್ರಿ! ಸಮಾಧಾನದ ಮಾತು ಒಂದದ, ಕ್ರೀಮ್ ಬಿಟ್ರ ಭಾಳ ಮಂದಿಗೆ ಕೆಲವು ತಿಂಗಳೊಳಗ ಮೂತ್ರದಾಗ ಸೋರೋ ಪ್ರೋಟೀನ್ ಇಳೀತದ, ಸ್ಟೀರಾಯ್ಡ್‌ದಂಥ ಜೋರ್ ಔಷಧ ಬೇಕಾಗದೇನೂ ಇರಬಹುದು, ಅದಕ್ಕೇ ನಾನು ಮೊದಲು ಕ್ರೀಮ್ ಕೇಳೋದು. ರಕ್ತದ ಜೊತಿ ಮೂತ್ರದ ಪಾದರಸನೂ ಟೆಸ್ಟ್ ಮಾಡಸ್ತೀವಿ. ಮನ್ಯಾಗ ಕೂಸು ಇದ್ರ ಅದನ್ನೂ ತೋರಿಸ್ರಿ, ತಾಯಿ ಕೆನ್ನಿಗೆ ಕೆನ್ನಿ ಹಚ್ಚಿದ್ರ, ಒಂದೇ ಟವೆಲ್‌ನಾಗ ಮುಖ ಒರಸಿದ್ರ ಕೂಸಿನ ಮೈಗೂ ಪಾದರಸ ಸೇರ್ತದ.