ಪಿಸ್ತೂಲಿನಲ್ಲಿ ನೂರು ಮೀಟರ್ ಹೊಡೆಯಲು ಆಗುತ್ತಾ?

ಪ್ರಶ್ನೆ: ಮಂಗಳೂರಿನಲ್ಲಿ ಓದುತ್ತಾ 10 ಮೀಟರ್ ಏರ್ ಪಿಸ್ತೂಲ್ ಅಭ್ಯಾಸ ಮಾಡುತ್ತಿದ್ದೇನೆ. ಪಿಸ್ತೂಲ್ ಏನಿದ್ದರೂ ಹತ್ತಿರಕ್ಕೆ, 50–100 ಮೀಟರಿಗೆ ರೈಫಲೇ ಬೇಕು ಅಂತಾರೆ ಗೆಳೆಯರು. ಹೌದಾ?

ಉತ್ತರ: ಮದ್ದಿನ ಪಿಸ್ತೂಲಾದರೆ ಗುಂಡು ಆರಾಮಾಗಿ ಮುಟ್ಟುತ್ತದೆ. ತೊಂದರೆ ಕೊಡುವುದು ನಮ್ಮ ಕೈ.

2016ರ ರಿಯೋದವರೆಗೆ 50 ಮೀಟರ್ ಪಿಸ್ತೂಲ್ ಒಲಿಂಪಿಕ್ಸ್‌ನಲ್ಲೇ ಇತ್ತು. 2014ರ ಏಷ್ಯನ್ ಗೇಮ್ಸ್‌ನಲ್ಲಿ ನಮ್ಮ ದೇಶದ ಶೂಟರ್ ಜಿತು ರಾಯ್ ಚಿನ್ನ ಗೆದ್ದದ್ದು ಅದರಲ್ಲೇ. ಒಂದೇ ಕೈ, ಯಾವ ಆಸರೆಯೂ ಇಲ್ಲ. 10 ಅಂಕದ ವೃತ್ತ 5 ಸೆಂಟಿಮೀಟರ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ಒಂಬತ್ತು ಅಡಿಗೊಂದು ಗಿಡ ನೆಟ್ಟ ಅಡಿಕೆ ತೋಟದಲ್ಲಿ ಹದಿನೆಂಟು ಮರ ಆಚೆಗಿರುವ ಒಂದು ಹಣ್ಣಡಿಕೆ! ಲೋಹದ ಪ್ರಾಣಿಗಳನ್ನು ಬೀಳಿಸುವ ಸಿಲೂಯೆಟ್ ಸ್ಪರ್ಧೆಯಲ್ಲಂತೂ ಟಗರು ನಿಲ್ಲುವುದು 200 ಮೀಟರಿನಲ್ಲಿ.

ಮತ್ತೆ ಕಷ್ಟ ಎಲ್ಲಿ? ಗುರಿ ಹಿಡಿಯಲು ಪಿಸ್ತೂಲಿನ ಮೇಲೆ ಹಿಂದೊಂದು ಮುಂದೊಂದು ಸೈಟ್, ಅಂದರೆ ಗುರಿಗುರುತು, ಇರುತ್ತದಲ್ಲ, ಆ ಎರಡರ ನಡುವಿನ ಅಂತರದಲ್ಲಿ. ಸಾಮಾನ್ಯ ಪಿಸ್ತೂಲಿನಲ್ಲಿ ಅದು 16 ಸೆಂಟಿಮೀಟರ್ ಆಸುಪಾಸು. ಮುಂದಿನ ಸೈಟ್ ಬರೇ 1 ಮಿಲಿಮೀಟರ್ ಸರಿದರೆ 25 ಮೀಟರಿನಲ್ಲಿ ಗುಂಡು 15 ಸೆಂಟಿಮೀಟರ್ ಆಚೆ, 100 ಮೀಟರಿನಲ್ಲಿ 60 ದಾಟುತ್ತದೆ. ರೈಫಲಿನಲ್ಲಿ ಈ ಅಂತರ ಎಷ್ಟೋ ಪಾಲು ಜಾಸ್ತಿ, ಹೆಗಲಿನ ಆಸರೆ ಬೇರೆ. ನಿಮ್ಮ ಗೆಳೆಯರ ಮಾತು ಅಷ್ಟರ ಮಟ್ಟಿಗೆ ಸರಿ.

ಗುಂಡು ಕೆಳಗೆ ಇಳಿಯುವುದಿಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಳಿಯುತ್ತದೆ. 25 ಮೀಟರಿಗೆ ಹೊಂದಿಸಿದ 9 ಎಂಎಂ ಪಿಸ್ತೂಲಿನ ಗುಂಡು 100 ಮೀಟರಿನಲ್ಲಿ ಸುಮಾರು ಒಂದು ಅಡಿ ಕೆಳಗೆ ಬೀಳುತ್ತದೆ. ನನಗೆ ಕೇಳಿದರೆ ಅದು ದೊಡ್ಡ ವಿಷಯವೇ ಅಲ್ಲ. ಪ್ರತಿ ಸಲ ಅಷ್ಟೇ ಇಳಿಯುತ್ತದೆ, ಅಷ್ಟೇ ಮೇಲೆ ಹಿಡಿದರಾಯಿತು. ಕೈ ನಡುಗುವುದಕ್ಕೆ ಅಂಥ ಲೆಕ್ಕ ಸಿಗುವುದಿಲ್ಲ.

ನಡುಗದೆ ಇರುವ ಕೈಯೂ ಇಲ್ಲ, ಬಿಡಿ. ಆ ಸಣ್ಣ ಓಲಾಟ ಇದ್ದೇ ಇರುತ್ತದೆ. 'ಈಗ ಸರಿಯಾಗಿದೆ' ಅಂತ ಟ್ರಿಗರನ್ನು ಗಬಕ್ಕನೆ ಎಳೆದಿರೋ, ಕೆಟ್ಟಿತು. ಕಣ್ಣು ಮುಂದಿನ ಸೈಟಿನ ಮೇಲಿರಲಿ, ಗುರಿ ಮಸುಕಾಗಿಯೇ ಕಾಣಲಿ, ಬೆರಳು ನಿಧಾನಕ್ಕೆ ಒತ್ತುತ್ತಾ ಹೋಗಲಿ. ಖಾಲಿ ಎಂದು ಎರಡು ಸಲ ನೋಡಿಕೊಂಡ ಪಿಸ್ತೂಲಿನ ಮುಂದಿನ ಸೈಟಿನ ಮೇಲೆ ಒಂದು ನಾಣ್ಯ ಇಟ್ಟು ಟ್ರಿಗರ್ ಒತ್ತಿ ನೋಡಿ. ನಾಣ್ಯ ಬೀಳಬಾರದು.

ನಮ್ಮೂರ ಬೆವರಿಗೆ ಹಿಡಿ ಜಾರುತ್ತದೆ, ಬೈರಾಸು ಹತ್ತಿರವೇ ಇರಲಿ. ಬಯಲು ರೇಂಜ್ ಆದರೆ ಬೆಳಿಗ್ಗೆಯೇ ಒಳ್ಳೇದು. ಮಧ್ಯಾಹ್ನದ ಮೇಲೆ ಕಡಲ ಗಾಳಿ ಏಳುತ್ತದೆ. ಜೋರು ಅಡ್ಡಗಾಳಿ ಪಾಯಿಂಟ್ 22 (0.22 ಇಂಚು ಅಳತೆಯ) ಮದ್ದಿನ ಪಿಸ್ತೂಲಿನ ಗುಂಡನ್ನು 50 ಮೀಟರಿನಲ್ಲೇ ಒಂದೆರಡು ಸೆಂಟಿಮೀಟರ್ ಸರಿಸುತ್ತದೆ.

ಇನ್ನೊಂದು ಮಾತು. ನಿಮ್ಮ 4.5 ಮಿಲಿಮೀಟರ್ ಏರ್ ಪಿಸ್ತೂಲಿಗೆ ಲೈಸೆನ್ಸ್ ಬೇಕಿಲ್ಲ, ಪಾಯಿಂಟ್ 22ಕ್ಕೆ ಬೇಕೇ ಬೇಕು. ಲೈಸೆನ್ಸ್ ಇದೆ ಅಂತ ಅಜ್ಜನ ತೋಟದಲ್ಲಿ ಟ್ರೈ ಮಾಡಲು ಹೋಗಬೇಡಿ. ಆ ಪುಟ್ಟ ಗುಂಡು ಒಂದು ಕಿಲೋಮೀಟರಿಗಿಂತ ಜಾಸ್ತಿ ಹೋಗಬಲ್ಲದು. ಮುರಕಲ್ಲಿನ ಗೋಡೆಗೆ ತಾಗಿದರೆ ಯಾವ ಕಡೆ ಚಿಮ್ಮುತ್ತದೆ ಅಂತ ಹೇಳಲೂ ಆಗದು.