ಪಾತ್ರಕ್ಕೆ ಇವತ್ತು ಸಂಜೆಯೊಳಗೆ ಏನು ಬೇಕು?

ಹೊಸದಾಗಿ ಬರೆಯುವವರ ಕತೆಗಳಲ್ಲಿ ಪಾತ್ರದ ಪರಿಚಯ ಚೆನ್ನಾಗಿರುತ್ತದೆ, ಪಾತ್ರ ಮಾತ್ರ ಕದಲುವುದಿಲ್ಲ. ಇಳಕಲ್ಲಿನ ನೇಕಾರ, ಅರವತ್ತರ ಆಸುಪಾಸು, ಸ್ವಾಭಿಮಾನಿ, ಮಗನ ಮೇಲೆ ಜೀವ. ಇಷ್ಟೆಲ್ಲ ಗೊತ್ತಾದ ಮೇಲೂ ಮೂರನೇ ಪುಟದಲ್ಲಿ ಅವನು ಕಟ್ಟೆಯ ಮೇಲೆ ಕೂತು ಹಳೆಯದನ್ನು ನೆನೆಯುತ್ತಿರುತ್ತಾನೆ. ಬದುಕಿನಲ್ಲಿ ಅವನಿಗೆ ಏನು ಬೇಕೆಂದು ಲೇಖಕರು ಯೋಚಿಸಿದ್ದಾರೆ, ಇವತ್ತು ಏನು ಬೇಕೆಂದು ಯೋಚಿಸಿಲ್ಲ. ‘ಮಗ್ಗ ಉಳಿಯಬೇಕು’ ಎಂಬುದರಿಂದ ದೃಶ್ಯ ಹುಟ್ಟುವುದಿಲ್ಲ. ‘ಮಗ ಬಸ್ಸು ಹತ್ತುವ ಮೊದಲು ಈ ಸೀರೆಗೆ ಸೆರಗು ಕೂಡಿಸಬೇಕು’ ಎಂದರೆ ಹುಟ್ಟುತ್ತದೆ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಮಗ್ಗದ ಉದ್ದೆಳೆಗಳು, ಬೇರೆ, ಸೆರಗಿನ ರೇಷ್ಮೆ ಹಾಸು ಬೇರೆ. ಎರಡನ್ನೂ ಕುಣಿಕೆ ಹಾಕಿ ಕೂಡಿಸಬೇಕು. ಕಣ್ಣು ಎಳೆಯ ಮೇಲೇ ಇರಬೇಕಾದ ಕೆಲಸ. ಅಪ್ಪ ಮಗ ಅಲ್ಲಿ ಕೂತರೆ ಮುಖ ನೋಡದೆಯೇ ಮಾತಾಡಬೇಕು. ಕತೆಗಾರನಿಗೆ ಇದಕ್ಕಿಂತ ಒಳ್ಳೆಯ ಇಕ್ಕಟ್ಟು ಸಿಗಲಾರದು. ಕಸುಬಿನ ವಿವರ ಹೀಗೆ ಪಾತ್ರದ ದಾರಿಗೆ ಅಡ್ಡ ಬಂದರೆ ಇರಲಿ. ಬರೀ ಮಾಹಿತಿಯಾದರೆ ತೆಗೆಯಿರಿ.

ಮೊದಲ ಕರಡಿನ ಸಂಭಾಷಣೆ ಸಾಮಾನ್ಯವಾಗಿ ಹೀಗಿರುತ್ತದೆ:

“ಯಪ್ಪಾ, ನನಗ ಈ ಕೆಲಸ ಬ್ಯಾಸರ ಬಂದೈತಿ. ನಾ ಬೆಂಗಳೂರಿಗೆ ಹೊಕ್ಕೀನಿ.”

“ಹಿರ್ಯಾರ ಕಸುಬು ಬಿಡಬ್ಯಾಡೋ ಮಗನ.”

ಮಾತು ಬಾಗಲಕೋಟೆ ಕಡೆಯದೇ, ಆದರೆ ಇಬ್ಬರೂ ಓದುಗನಿಗೆ ವರದಿ ಒಪ್ಪಿಸುತ್ತಿದ್ದಾರೆ. ಒಂದೇ ಮನೆಯವರು ಗೊತ್ತಿದ್ದದ್ದನ್ನೇ ಹೇಳಿಕೊಳ್ಳುವುದಿಲ್ಲ. ತಿದ್ದಿದ ಮೇಲೆ:

“ಬಸ್ಸು ಎಷ್ಟಕ್ಕಂದಿ?”

“ಒಂಬತ್ತಕ್ಕ.”

“ಅರ್ಧ ಎಳಿ ಇನ್ನೂ ಹಂಗ ಅದಾವ.”

“ಕಾಕಾನ್ನ ಕರೀಲೇನು?”

“ಅವಂಗ ಈಗ ಕಣ್ಣ ಕಾಣಂಗಿಲ್ಲ.”

ಹೋಗಬೇಡ ಎಂದು ಅಪ್ಪ ಹೇಳಿಲ್ಲ. ನೀನು ಹೋದರೆ ಬೇರೆ ಯಾರೂ ಇಲ್ಲ ಎಂಬುದನ್ನು ಹೇಳಿದ್ದಾನೆ.

ಆಡುಮಾತನ್ನು ಬಳಸುವಲ್ಲಿ ಇನ್ನೊಂದು ತಪ್ಪು ಮತ್ತೆಮತ್ತೆ ಕಾಣುತ್ತದೆ. ಹೊಲದಲ್ಲಿ ದುಡಿಯುವವಳಿಗೆ ಮಾತ್ರ ‘ಐತಿ, ಬಂದಾನ’, ಮಾಸ್ತರರಿಗೆ, ಡಾಕ್ಟರರಿಗೆ ಪಠ್ಯಪುಸ್ತಕದ ಕನ್ನಡ. ನಮ್ಮ ಉತ್ತರ ಕರ್ನಾಟಕದ ಮಾತನ್ನು ಓದು ಬಾರದವರ ಗುರುತು ಮಾಡುವುದು ಅನ್ಯಾಯ, ಸುಳ್ಳು ಕೂಡ. ವಿಜಯಪುರದ ಡಾಕ್ಟರೂ “ಎಷ್ಟ ದಿನಾ ಆತ್ರೀ?” ಎಂದೇ ಕೇಳುತ್ತಾರೆ. ವ್ಯತ್ಯಾಸ ತೋರಿಸಲು ‘ರೀ’ ಸಾಕು: “ಬಾರೋ” ಎನ್ನುತ್ತಿದ್ದ ಸಾವಕಾರ ಸಾಲ ತೀರಿದ ದಿನ “ಬರ್ರಿ” ಎಂದರೆ ಸಂಬಂಧವೇ ಬದಲಾಗಿದೆ. ಬೆಳಗಾವಿ ಪೇಟೆಯ ಪಾತ್ರಕ್ಕೆ ಮರಾಠಿ ಬೆರೆಸುವಾಗ, ಯಾರೊಡನೆ ಬೆರೆಸುತ್ತದೆ, ಯಾರೊಡನೆ ಇಲ್ಲ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಪ್ರತಿ ಉಚ್ಚಾರವನ್ನೂ ಬರೆಯಹೋಗಬೇಡಿ. ಕ್ರಿಯಾಪದದ ಕೊನೆ ಮತ್ತು ‘ನನಗ, ಒಂಬತ್ತಕ್ಕ’ಗಳನ್ನು ಹಿಡಿದರೆ ಉಳಿದದ್ದನ್ನು ಓದುಗನ ಕಿವಿ ತುಂಬಿಕೊಳ್ಳುತ್ತದೆ.

ಮುಳುಗಡೆ ಕತೆಗಳಿಗೂ ಇದೇ ಅಳತೆ. ಆಲಮಟ್ಟಿ ಅಣೆಕಟ್ಟಿನಲ್ಲಿ 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ ಎಂಬುದು ಸುದ್ದಿ. ಪರಿಹಾರದ ಹಣ ಅಣ್ಣನ ಹೆಸರಿಗೆ ಬಂದಿದೆ, ತಂಗಿ ನಾಳೆ ಗಂಡನ ಮನೆಗೆ ಹೊರಡುವ ಮೊದಲು ತನ್ನ ಪಾಲು ಕೇಳಬೇಕು ಎಂಬಲ್ಲಿಂದ ಕತೆ.

ಮುಕ್ತಾಯ ಜಾರುವುದು ಬೆಲೆ ತೆರುವ ಹೊತ್ತಿಗೆ. ಸೆರಗು ಕೂಡಿದರೆ ಬಸ್ಸು ತಪ್ಪಬೇಕು, ಬಸ್ಸು ಸಿಕ್ಕರೆ ಎಳೆ ಉಳಿಯಬೇಕು. ಹತ್ತು ಸಾಲು ಬಾಕಿ ಇರುವಾಗ ದೂರದ ಮಾವ ದುಡ್ಡು ತಂದುಕೊಟ್ಟರೆ ಅಷ್ಟು ಹೊತ್ತು ಅಪ್ಪ ಮಗ ಬಿಗಿಹಿಡಿದದ್ದೆಲ್ಲ ಸಡಿಲಾಗುತ್ತದೆ. ಮಾವ ಬೇಕೇ ಬೇಕು ಎನಿಸಿದರೆ ಮೊದಲ ಪುಟದಲ್ಲೇ ಕರೆತನ್ನಿ, ಆ ದುಡ್ಡಿಗೆ ಅವನೂ ಏನಾದರೂ ಕೇಳಲಿ.